ಪಿಯರ್ ಸೆರೆಸೋಲ್

ಪಿಯರ್ ಸೆರೆಸೋಲ್ (17 ಆಗಸ್ಟ್ 1879 – 23 ಅಕ್ಟೋಬರ್ 1945) ಸ್ವಿಟ್ಜರ್ಲೆಂಡಿನ ಎಂಜಿನಿಯರ್, ಶಾಂತಿವಾದಿ ಹಾಗೂ ಸರ್ವಿಸ್ ಸಿವಿಲ್ ಇಂಟರ್‌ನ್ಯಾಷನಲ್ ಎಂಬ ಸ್ವಯಂಸೇವಾ ಸಂಘಟನೆಯ ಸ್ಥಾಪಕರು. ಬೇರೆ ಬೇರೆ ದೇಶದವರು ಸಂಕಷ್ಟಕ್ಕೊಳಗಾದ ಊರಿಗೆ ಹೋಗಿ, ಅಲ್ಲಿಯೇ ತಂಗಿ, ಕೂಲಿ ಪಡೆಯದೆ ದುಡಿಯುವ ಅಂತರರಾಷ್ಟ್ರೀಯ ಶ್ರಮಶಿಬಿರಗಳಿಗೆ ಅವರು ಮೊದಲ ರೂಪ ಕೊಟ್ಟರು. 1934ರ ಬಿಹಾರ ಭೂಕಂಪದ ನಂತರ ಮುಜಫ್ಫರಪುರ ಜಿಲ್ಲೆಯ ಹಳ್ಳಿಗಳಲ್ಲಿ ಅವರು ಕೈಗೊಂಡ ಪುನರ್ನಿರ್ಮಾಣ ಕಾರ್ಯ ಭಾರತದ ಮಟ್ಟಿಗೆ ಮುಖ್ಯವಾದುದು.

ಆರಂಭಿಕ ಜೀವನ

ಸೆರೆಸೋಲ್ ಲೊಸಾನ್ ನಗರದ ಪ್ರತಿಷ್ಠಿತ ಪ್ರಾಟೆಸ್ಟೆಂಟ್ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ಪೌಲ್ ಸೆರೆಸೋಲ್ 1873ರಲ್ಲಿ ಸ್ವಿಸ್ ಒಕ್ಕೂಟದ ಅಧ್ಯಕ್ಷರಾಗಿದ್ದವರು. ಪಿಯರ್ ಜ್ಯೂರಿಕ್‌ನಲ್ಲಿ ಎಂಜಿನಿಯರಿಂಗ್ ಕಲಿತರು. ಬಳಿಕ ಅಮೆರಿಕ, ಹವಾಯಿ ಮತ್ತು ಜಪಾನ್‌ಗಳಲ್ಲಿ ಕೆಲವು ವರ್ಷಗಳನ್ನು ಕಳೆದು, ಬೋಧನೆಯಿಂದ ಕೂಲಿಕೆಲಸದವರೆಗೆ ಹಲವು ವೃತ್ತಿಗಳನ್ನು ಕಂಡು, 1914ರಲ್ಲಿ ಸ್ವದೇಶಕ್ಕೆ ಮರಳಿದರು. ತಮ್ಮ ಪಾಲಿಗೆ ಬಂದ ಪಿತ್ರಾರ್ಜಿತ ಸಂಪತ್ತನ್ನು ಅವರು ಸ್ವಿಸ್ ಸರ್ಕಾರಕ್ಕೆ ಒಪ್ಪಿಸಿದ್ದರು.

ಸ್ವಿಟ್ಜರ್ಲೆಂಡಿನಲ್ಲಿ ಸೈನ್ಯಸೇವೆ ಸಲ್ಲಿಸದ ಪುರುಷರು ಅದರ ಬದಲಿಗೆ ತೆರಿಗೆ ಕೊಡಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ನಡುವೆ, 1917ರಲ್ಲಿ, ಸೆರೆಸೋಲ್ ಈ ತೆರಿಗೆಯನ್ನು ನಿರಾಕರಿಸಿ ಸೆರೆಮನೆಗೆ ಹೋದರು. ಮಾಜಿ ರಾಷ್ಟ್ರಾಧ್ಯಕ್ಷರ ಮಗನ ಈ ನಡೆ ಸಹಜವಾಗಿಯೇ ದೇಶದ ಗಮನ ಸೆಳೆಯಿತು.

ಶ್ರಮಶಿಬಿರಗಳು

1919ರಲ್ಲಿ ನೆದರ್‌ಲ್ಯಾಂಡ್ಸ್‌ನ ಬಿಲ್ಟೊವೆನ್‌ನಲ್ಲಿ ಸೇರಿದ ಕ್ರೈಸ್ತ ಶಾಂತಿವಾದಿಗಳು ಅಂತರರಾಷ್ಟ್ರೀಯ ಸಂಘವೊಂದನ್ನು ಕಟ್ಟಿದರು. ಸೆರೆಸೋಲ್ ಅದರ ಕಾರ್ಯದರ್ಶಿಯಾದರು. ಆದರೆ ಗೊತ್ತುವಳಿಗಳನ್ನು ಅಂಗೀಕರಿಸಿ ಚದುರುವ ಸಭೆಗಳಿಂದ ಅವರಿಗೆ ತೃಪ್ತಿಯಾಗಲಿಲ್ಲ. 1920ರ ಕೊನೆಯಲ್ಲಿ ಅವರು ಇಂಗ್ಲೆಂಡಿನ ಕ್ವೇಕರ್ ಹ್ಯೂಬರ್ಟ್ ಪ್ಯಾರಿಸ್ ಅವರೊಂದಿಗೆ ಫ್ರಾನ್ಸ್‌ನ ವೆರ್ದೂನ್ ಸಮೀಪದ ಎನ್ ಎಂಬ ನಾಶವಾದ ಹಳ್ಳಿಗೆ ತಂಡವೊಂದನ್ನು ಕರೆದೊಯ್ದರು. ತಂಡದಲ್ಲಿ ಜರ್ಮನರೂ ಇದ್ದರು. ತಮ್ಮ ದೇಶದ ಸೈನ್ಯದ ಗುಂಡಿಗೆ ತುತ್ತಾದ ನೆಲದಲ್ಲಿ ಅವರು ಹೊಂಡ ಮುಚ್ಚಿದರು, ರಸ್ತೆ ಸರಿಪಡಿಸಿದರು, ತಾತ್ಕಾಲಿಕ ಮನೆಗಳನ್ನು ಕಟ್ಟಿದರು. ಯುದ್ಧ ಮುಗಿದು ಎರಡು ವರ್ಷವಷ್ಟೇ ಆಗಿತ್ತು. ಅಧಿಕಾರಿಗಳಿಂದ ಬೆಂಬಲ ದೊರೆಯದೆ ಕೆಲವೇ ತಿಂಗಳುಗಳಲ್ಲಿ ಶಿಬಿರ ನಿಂತುಹೋಯಿತು.

ಮುಂದಿನ ಶಿಬಿರಗಳಿಗೆ ರಾಜಕೀಯ ತೊಡಕಿಲ್ಲದ ಪ್ರಕೃತಿ ವಿಕೋಪದ ಸ್ಥಳಗಳನ್ನೇ ಹೆಚ್ಚಾಗಿ ಆರಿಸಿಕೊಳ್ಳಲಾಯಿತು. 1924ರಲ್ಲಿ ಸ್ವಿಟ್ಜರ್ಲೆಂಡಿನ ಓರ್ಮೋನ್ ಕಣಿವೆಯಲ್ಲಿ ಹಿಮಪಾತದ ಅವಶೇಷಗಳನ್ನು ತೆರವುಗೊಳಿಸಿದ ಶಿಬಿರದಲ್ಲಿ ಸೈನ್ಯಾಧಿಕಾರಿಯಾಗಿದ್ದ ಅವರ ಸಹೋದರ ಅರ್ನೆಸ್ಟ್ ನೆರವಾದರು. ರೈನ್ ನದಿಯ ಪ್ರವಾಹದಿಂದ ಲಿಕ್ಟೆನ್‌ಸ್ಟೈನ್‌ನ ಹೊಲಗಳನ್ನು ಮುಚ್ಚಿದ್ದ ಮರಳುಕಲ್ಲುಗಳನ್ನು ತೆಗೆಯಲು 1928ರಲ್ಲಿ 22 ದೇಶಗಳ 700ಕ್ಕೂ ಹೆಚ್ಚು ಮಂದಿ ಬಂದರು. 1931ರಲ್ಲಿ ವೇಲ್ಸ್‌ನ ಬ್ರಿನ್‌ಮಾರ್ ಎಂಬ ಗಣಿ ಪಟ್ಟಣದಲ್ಲಿ ನಡೆದ ಶಿಬಿರ ನಿರುದ್ಯೋಗಕ್ಕೆ ಸಂಬಂಧಿಸಿದುದಾಗಿತ್ತು. ಕ್ರೈಸ್ತ ಪ್ರೇರಣೆಯಿಂದ ಹುಟ್ಟಿದ್ದರೂ ಸಂಘಟನೆಯಲ್ಲಿ ಯಾವುದೇ ಮತದವರಿಗೂ ಮತವಿಲ್ಲದವರಿಗೂ ಸ್ಥಳವಿತ್ತು. ಧರ್ಮಪ್ರಚಾರ ಅದರ ಕೆಲಸವಾಗಿರಲಿಲ್ಲ.

ಬಿಹಾರದಲ್ಲಿ

1931ರ ಡಿಸೆಂಬರ್‌ನಲ್ಲಿ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಿಂದ ಮರಳುತ್ತಿದ್ದ ಗಾಂಧೀಜಿ ರೊಮೇನ್ ರೋಲಾ ಅವರನ್ನು ಕಾಣಲು ಸ್ವಿಟ್ಜರ್ಲೆಂಡಿಗೆ ಬಂದಾಗ ಸೆರೆಸೋಲ್ ಅವರನ್ನು ಭೇಟಿಯಾಗಿದ್ದರು. 1934ರ ಜನವರಿ 15ರಂದು ಉತ್ತರ ಬಿಹಾರ ಮತ್ತು ನೇಪಾಳವನ್ನು ನಡುಗಿಸಿದ ಭೂಕಂಪದಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು. ಬಿರುಕುಗಳಿಂದ ಉಕ್ಕಿದ ಮರಳು ಹೊಲಗಳನ್ನು ಮುಚ್ಚಿತು. ನದಿಪಾತ್ರಗಳೂ ಹೂತುಹೋದುದರಿಂದ ಮಳೆಗಾಲದ ನೆರೆ ಹಿಂದಿಗಿಂತ ಹೆಚ್ಚು ಅಪಾಯಕಾರಿಯಾಯಿತು. ಸೆರೆಮನೆಯಿಂದ ಬಿಡುಗಡೆಗೊಂಡ ರಾಜೇಂದ್ರ ಪ್ರಸಾದರು ಪರಿಹಾರ ಸಮಿತಿಯ ಹೊಣೆ ಹೊತ್ತಿದ್ದರು.

ಅದೇ ವರ್ಷ ಸೆರೆಸೋಲ್ ಭಾರತಕ್ಕೆ ಬಂದು ಪೀಡಿತ ಪ್ರದೇಶವನ್ನು ಸುತ್ತಿ ನೋಡಿದರು. ಆನಂತರದ ಭೇಟಿಗಳಲ್ಲಿ ಇಂಗ್ಲೆಂಡಿನ ಜೋ ವಿಲ್ಕಿನ್ಸನ್ ಮತ್ತು ಫ್ರೇಜರ್ ಹಾಯ್ಲೆಂಡ್, ಸ್ವಿಟ್ಜರ್ಲೆಂಡಿನ ಪೌಲ್ ಶೆಂಕರ್ ಅವರ ಜೊತೆಗಾರರಾದರು. ತಗ್ಗಿನಲ್ಲಿದ್ದು ನೆರೆಗೆ ಸಿಲುಕುವ ಹಳ್ಳಿಗಳನ್ನು ಎತ್ತರದ ನೆಲಕ್ಕೆ ಸ್ಥಳಾಂತರಿಸಿ ಹೊಸ ಮನೆಗಳನ್ನು ಕಟ್ಟುವುದು ಅವರು ಹಿಡಿದ ಕೆಲಸ. ಹೀಗೆ ಎದ್ದ ಒಂದು ಹಳ್ಳಿಗೆ ಶಾಂತಿಪುರವೆಂದು ಹೆಸರಾಯಿತು.

ಯುರೋಪಿನ ಶಿಬಿರದ ಕ್ರಮ ಇಲ್ಲಿ ಯಥಾವತ್ತಾಗಿ ನಡೆಯುವಂತಿರಲಿಲ್ಲ. ಲಿಕ್ಟೆನ್‌ಸ್ಟೈನ್‌ನಲ್ಲಿ ಕೊರತೆಯಿದ್ದುದು ದುಡಿಯುವ ಕೈಗಳಿಗೆ. ಬಿಹಾರದಲ್ಲಿ ಕೈಗಳಿಗೆ ಕೊರತೆಯಿರಲಿಲ್ಲ, ನೆಲ, ಹಣ ಮತ್ತು ಸಾಮಗ್ರಿಗಳಿಗಿತ್ತು. ಬಿಸಿಲಿನ ರೂಢಿಯಿಲ್ಲದ ನಾಲ್ಕು ಜನ ಅಗೆದ ಮಣ್ಣಿನ ಪ್ರಮಾಣವನ್ನಷ್ಟೇ ಲೆಕ್ಕ ಹಾಕಿದರೆ ಅವರ ಪ್ರಯಾಣದ ವೆಚ್ಚವೂ ಹುಟ್ಟಲಾರದು. ಆದರೆ ಓದಿದವರು ಗುದ್ದಲಿ ಮುಟ್ಟದ ಸಮಾಜದಲ್ಲಿ, ಆಳುವ ಜನಾಂಗದ ಯುವಕರು ಹಳ್ಳಿಗರ ಜೊತೆ ಮಣ್ಣು ಹೊರುವುದು ಸಣ್ಣ ಸಂಗತಿಯಾಗಿರಲಿಲ್ಲ. ಪರಸ್ಪರ ಅಪನಂಬಿಕೆಯಿದ್ದ ಬ್ರಿಟಿಷ್ ಅಧಿಕಾರಿಗಳು ಮತ್ತು ಕಾಂಗ್ರೆಸ್ ನಾಯಕರು ಇಬ್ಬರೊಂದಿಗೂ ಸೆರೆಸೋಲ್ ಸಂಪರ್ಕ ಉಳಿಸಿಕೊಂಡರು. ಇಬ್ಬರ ನೆರವಿಲ್ಲದೆ ಹಳ್ಳಿಯೊಂದನ್ನು ಸ್ಥಳಾಂತರಿಸುವುದು ಅಸಾಧ್ಯವಾಗಿತ್ತು. ಈ ಕಾರ್ಯ 1937ರವರೆಗೆ ನಡೆಯಿತು. ಭಾರತದಿಂದ ಅವರು ಬರೆದ ಪತ್ರಗಳು ಫ್ರೆಂಚ್ ಭಾಷೆಯಲ್ಲಿ ಪುಸ್ತಕರೂಪ ಪಡೆದಿವೆ.

ಕೊನೆಯ ವರ್ಷಗಳು

1936ರಲ್ಲಿ ಸೆರೆಸೋಲ್ ಕ್ವೇಕರ್ ಸಮುದಾಯವನ್ನು ಸೇರಿದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ರಾತ್ರಿ ದೀಪ ಮರೆಮಾಡುವ ಆಜ್ಞೆಯನ್ನು ಪಾಲಿಸದೆ ಶಿಕ್ಷೆಗೊಳಗಾದರು. ಜರ್ಮನರೊಂದಿಗೆ ನೇರವಾಗಿ ಮಾತನಾಡುವ ಉದ್ದೇಶದಿಂದ ಅನುಮತಿಯಿಲ್ಲದೆ ಗಡಿ ದಾಟಿ ಬಂಧಿತರಾದರು. ಈ ಸಾಹಸವನ್ನು ಅವರ ಬೆಂಬಲಿಗರೆಲ್ಲರೂ ಒಪ್ಪಿರಲಾರರು. ಯುದ್ಧ ಮುಗಿದ ಕೆಲವೇ ತಿಂಗಳುಗಳಲ್ಲಿ, 66ನೆಯ ವಯಸ್ಸಿನಲ್ಲಿ, ಅವರು ಲೊಸಾನ್ ಸಮೀಪದ ಲೂಟ್ರಿಯಲ್ಲಿ ನಿಧನರಾದರು.

1950ರಲ್ಲಿ ಸಂಘಟನೆಯ ತಂಡವೊಂದು ಮತ್ತೆ ಭಾರತಕ್ಕೆ ಬಂದು, ದೇಶವಿಭಜನೆಯ ನಿರಾಶ್ರಿತರು ನೆಲೆಸಿದ್ದ ಫರೀದಾಬಾದ್‌ನಲ್ಲಿ ಕೆಲಸ ಮಾಡಿತು. ಸೈನ್ಯಸೇವೆಯ ಬದಲಿಗೆ ನಾಗರಿಕ ಸೇವೆ ಸಲ್ಲಿಸುವ ಹಕ್ಕಿಗಾಗಿ ಸೆರೆಸೋಲ್ ಮತ್ತು ಅವರ ಸಂಗಡಿಗರು 1920ರ ದಶಕದಲ್ಲಿ ಮಾಡಿದ ಬೇಡಿಕೆಯನ್ನು ಸ್ವಿಸ್ ಸಂಸತ್ತು ಆಗ ತಳ್ಳಿಹಾಕಿತ್ತು. ಅಂಥ ಸೇವೆ ಆ ದೇಶದಲ್ಲಿ ಜಾರಿಗೆ ಬಂದುದು 1996ರಲ್ಲಿ.