ವಿಮಾನಶಿಲ್ಪಿ ಡಾ. ಘಾಟಗೆ

ಪರರು ಕಟ್ಟಿದ ಯಂತ್ರವನ್ನು ದುರಸ್ತಿಮಾಡಬಲ್ಲ ನಾಡಿಗೂ ತನ್ನ ಯಂತ್ರವನ್ನು ತಾನೇ ರೂಪಿಸಬಲ್ಲ ನಾಡಿಗೂ ಅಂತರ ಬಹಳ. ವಿಮಾನವಿದ್ಯೆಯಲ್ಲಿ ಈ ಅಂತರವನ್ನು ದಾಟಿಸಿದವರಲ್ಲಿ ವಿಷ್ಣು ಮಾಧವ ಘಾಟಗೆಯವರು ಅಗ್ರಗಣ್ಯರು.

ಕನ್ನಡನಾಡಿನ ಗಡಿಗೆ ಹತ್ತಿರದ ಗಡಹಿಂಗ್ಲಜ ಸೀಮೆಯಲ್ಲಿ 1908ರಲ್ಲಿ ಜನಿಸಿದ ಅವರು, ಜರ್ಮನಿಯ ಗಟಿಂಗೆನ್ನಿನಲ್ಲಿ ಆಚಾರ್ಯ ಪ್ರಾಂಟ್ಲರ ಶಿಷ್ಯರಾಗಿ 1936ರಲ್ಲಿ ಡಾಕ್ಟರ್ ಪದವಿಯನ್ನು ಪಡೆದರು. 1940ರಲ್ಲಿ ವಾಲಚಂದ ಹಿರಾಚಂದರು ಮೈಸೂರು ಸರಕಾರದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರಖಾನೆಯನ್ನು ಸ್ಥಾಪಿಸಲು, ಪ್ರಾರಂಭದಲ್ಲಿಯೇ ಅದನ್ನು ಸೇರಿದರು. ಯುದ್ಧಕಾಲದಲ್ಲಿ ಪರದೇಶದ ವಿಮಾನಗಳ ದುರಸ್ತಿಯೇ ಕಾರಖಾನೆಯ ಮುಖ್ಯ ಕಾರ್ಯವಾಯಿತು. ಘಾಟಗೆಯವರಾದರೋ ಅಷ್ಟಕ್ಕೆ ತೃಪ್ತರಾಗಲಿಲ್ಲ. 1942ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನಶಾಸ್ತ್ರ ವಿಭಾಗವು ತೆರೆದಾಗ ಅಲ್ಲಿಯ ಮೊದಲ ಅಧ್ಯಾಪಕರಲ್ಲೊಬ್ಬರಾಗಿ ತರುಣರನ್ನು ತಯಾರುಮಾಡಿದರು. 1951ರಲ್ಲಿ ಅವರ ನೇತೃತ್ವದಲ್ಲಿ ರೂಪುಗೊಂಡ ಶಿಕ್ಷಣವಿಮಾನ ಎಚ್‌ಟಿ-2, 1964ರಲ್ಲಿ ಜೆಟ್ ವಿಮಾನ ಕಿರಣ ಆಕಾಶಕ್ಕೇರಿದವು. 1991ರಲ್ಲಿ ಅವರು ಕಾಲವಾದರು.

ಎಚ್‌ಟಿ-2ರ ರೆಕ್ಕೆ ಗಡುಸಾದ ಲೋಹದ್ದು. ಅಂಚಿನ ಕೀಲುಪಟ್ಟಿಗಳು ಮಾತ್ರ ಹೊರಳುತ್ತಿದ್ದವು. ಕಾಯಿಸಿದೊಡನೆ ಪೂರ್ವದ ಆಕಾರಕ್ಕೆ ಮರಳುವ ನಿಕಲ್-ಟೈಟೇನಿಯಂ ಮಿಶ್ರಲೋಹದಿಂದ, ಹಕ್ಕಿಯಂತೆ ಹಾರುತ್ತಲೇ ರೂಪ ಬದಲಿಸುವ ರೆಕ್ಕೆಯನ್ನು ಸಾಧಿಸುವ ಸಂಶೋಧನೆಗೂ ಅದೇ ಬೆಂಗಳೂರು ನೆಲೆಯಾಗಿದೆ. ಲೋಹವನ್ನು ಹಣ ಕೊಟ್ಟು ತರಿಸಬಹುದು; ಅದರಿಂದ ರೆಕ್ಕೆಯನ್ನು ಕಲ್ಪಿಸುವ ಬುದ್ಧಿಯನ್ನು ನಾವೇ ಬೆಳೆಸಿಕೊಳ್ಳಬೇಕು. ಘಾಟಗೆಯವರ ಬಾಳು ಕಲಿಸುವ ಪಾಠವಿದು.