ಡಾಕ್ಟರ್ ಕೋಟ್ನೀಸರೂ ರಣರಂಗದ ವೈದ್ಯೋಪಕರಣಗಳೂ

ಹಳೆಯ ಕಾಲದ ಖಡ್ಗ, ಗುರಾಣಿ, ಬಂದೂಕುಗಳನ್ನು ಸಂಗ್ರಹಿಸಿ ಗೋಡೆಗೆ ತೂಗುಹಾಕುವ ಶ್ರೀಮಂತರು ಎಲ್ಲ ದೇಶಗಳಲ್ಲಿಯೂ ಉಂಟು. ಅದೇ ರಣರಂಗದಲ್ಲಿ ಗಾಯಾಳುಗಳ ಪ್ರಾಣವನ್ನುಳಿಸಿದ ಚಿಮಟ, ಕತ್ತರಿ, ಔಷಧದ ಪೆಟ್ಟಿಗೆಗಳನ್ನು ಕಾಪಾಡಿಡುವವರಾದರೋ ವಿರಳ. ಕೊಲ್ಲುವ ಸಾಧನಕ್ಕೆ ದೊರೆಯುವ ಮರ್ಯಾದೆ ಬದುಕಿಸುವ ಸಾಧನಕ್ಕೆ ದೊರೆಯದಿರುವುದು ವಿಚಾರವಂತರು ಯೋಚಿಸತಕ್ಕ ವಿಷಯ. ಡಾಕ್ಟರ್ ದ್ವಾರಕಾನಾಥ ಕೋಟ್ನೀಸರ ಚರಿತ್ರವನ್ನು ಇಂದು ವಾಚಕರ ಮುಂದಿಡಲು ಇದೇ ಕಾರಣ.

ಸಿದ್ಧರಾಮನ ಕ್ಷೇತ್ರವೆನಿಸಿದ, ಕನ್ನಡ ಮರಾಠಿಗಳೆರಡೂ ಬೀದಿಯಲ್ಲಿ ಕೇಳಿಬರುವ ಸೊಲ್ಲಾಪುರದಲ್ಲಿ 1910ನೆಯ ಇಸವಿ ಅಕ್ಟೋಬರ್ 10ರಂದು ಇವರು ಜನಿಸಿದರು. ಮುಂಬಯಿಯಲ್ಲಿ ವೈದ್ಯವಿದ್ಯೆಯನ್ನು ಕಲಿತರು. ಜಪಾನಿನ ದಾಳಿಗೆ ಗುರಿಯಾಗಿದ್ದ ಚೀನವು ವೈದ್ಯ ಸಹಾಯವನ್ನು ಬೇಡಲಾಗಿ, 1938ರಲ್ಲಿ ಕಾಂಗ್ರೆಸ್ ಮಹಾಸಭೆಯು ಐವರು ವೈದ್ಯರ ತಂಡವನ್ನು ಕಳುಹಿಸಿತು. ತಾನೇ ಪರಾಧೀನವಾಗಿದ್ದ ದೇಶವೊಂದು ನೆರೆಯ ದೇಶದ ಕಣ್ಣೀರನ್ನೊರೆಸಲು ಮುಂದಾದುದು ಸಾಮಾನ್ಯ ಸಂಗತಿಯಲ್ಲ. ಕೋಟ್ನೀಸರು ಆ ಐವರಲ್ಲೊಬ್ಬರು. ತಂದೆಯವರು ಗತಿಸಿದ ವಾರ್ತೆ ಚೀನದಲ್ಲಿ ಮುಟ್ಟಿದಾಗಲೂ ಅವರು ಹಿಂದಿರುಗಲಿಲ್ಲ.

ಉತ್ತರ ಚೀನದ ಗುಡ್ಡಗಾಡಿನಲ್ಲಿ ಶತ್ರುಗಳ ಮುತ್ತಿಗೆಯಿಂದ ಔಷಧಗಳಿಗೆ ಬಹು ಕೊರತೆಯಿತ್ತು. ಅಲ್ಲಿ ಅವರಿಗಿಂತ ಮೊದಲು ದುಡಿದ ಕೆನಡಾದ ಡಾಕ್ಟರ್ ನಾರ್ಮನ್ ಬೆಥೂನರು, ಔಷಧವನ್ನೂ ಉಪಕರಣಗಳನ್ನೂ ಹೇಸರಗತ್ತೆಯ ಬೆನ್ನಿನ ಮೇಲೆ ಹೇರಿಕೊಂಡು ಹೋಗಲು ಅನುಕೂಲವಾದ ಹೊರೆಪೆಟ್ಟಿಗೆಗಳನ್ನು ರೂಪಿಸಿದ್ದರು. ಶಸ್ತ್ರಕ್ರಿಯೆ ಮಾಡುವಾಗ ಬೆರಳಿಗಾದ ಗಾಯವು ನಂಜೇರಿ 1939ರಲ್ಲಿ ಆ ಮಹನೀಯರು ಗತಿಸಿದರು. ಕೋಟ್ನೀಸರು ಅದೇ ಸೇವೆಯನ್ನು ಮುಂದುವರಿಸಿದರು. 1940ರ ಕದನವೊಂದರಲ್ಲಿ 72 ಗಂಟೆಗಳವರೆಗೆ ನಿದ್ರೆಯಿಲ್ಲದೆ ಶಸ್ತ್ರಕ್ರಿಯೆಗಳನ್ನು ನಡೆಸಿದರೆಂದು ಪ್ರಸಿದ್ಧಿಯಿದೆ. 1941ರಲ್ಲಿ ಬೆಥೂನರ ಹೆಸರಿನ ಆಸ್ಪತ್ರೆಗೇ ಮುಖ್ಯಸ್ಥರಾದರು. ಅದೇ ವರುಷ ಅಲ್ಲಿನ ದಾದಿ ಗುವೊ ಚಿಂಗ್‌ಲಾನರನ್ನು ವರಿಸಿದರು. ಮರುವರ್ಷ ಹುಟ್ಟಿದ ಮಗನಿಗೆ ಭಾರತ ಚೀನಗಳೆರಡನ್ನೂ ಸೂಚಿಸುವ ಯಿನ್‌ಹುವಾ ಎಂಬ ಹೆಸರನ್ನಿಟ್ಟರು. ಕೂಸು ಇನ್ನೂ ಎಳೆಯದಿರುವಾಗಲೇ, 1942ನೆಯ ಡಿಸೆಂಬರ್ 9ರಂದು, ಮೂರ್ಛೆರೋಗದಿಂದ ತಮ್ಮ 32ನೆಯ ವಯಸ್ಸಿನಲ್ಲಿ ಕಾಲವಶರಾದರು.

ಷಿಜಿಯಾಝುವಾಂಗ್ ನಗರದ ಹುತಾತ್ಮರ ಉದ್ಯಾನದಲ್ಲಿ ಅವರ ಸಮಾಧಿಯಿದೆ. ಅಲ್ಲಿನ ವಸ್ತುಸಂಗ್ರಹಾಲಯದಲ್ಲಿ, ಚೀನಕ್ಕೆ ಪಯಣಿಸುವಾಗ ಅವರು ಸ್ವಹಸ್ತದಿಂದ ಬರೆದುಕೊಂಡ ಶಬ್ದಗಳ ಪುಸ್ತಕವನ್ನೂ ಆ ಕಾಲದ ವೈದ್ಯರು ಬಳಸಿದ ಉಪಕರಣಗಳನ್ನೂ ಜೋಪಾನಮಾಡಿದ್ದಾರೆ. ಸೊಲ್ಲಾಪುರದ ಅವರ ಮನೆಯೂ ಸ್ಮಾರಕವಾಗಿದೆ. ಯಾರ ಕೈಯಲ್ಲಿತ್ತೆಂಬ ಚರಿತ್ರೆ ಅಳಿದುಹೋದರೆ ಚಿಮಟವು ಬರಿಯ ಲೋಹದ ತುಂಡು. ಚರಿತ್ರೆ ಉಳಿದರೆ ಅದೇ ತ್ಯಾಗದ ಸಾಕ್ಷಿ.

ಬೆಂಗಳೂರು ದೀರ್ಘಕಾಲ ದಂಡಿನ ಊರಾಗಿದ್ದುದು. ಅದರ ಅಂಚಿನ ಹೆಬ್ಬಗೋಡಿ ಇಂದು ಔಷಧ ತಯಾರಿಕೆಗೆ ಹೆಸರಾದುದು. ಹೊಸತು ಬಂದಂತೆ ಹಳೆಯದು ಮೂಲೆಗುಂಪಾಗುವುದು ಸಹಜವೇ ಸರಿ. ಆದರೂ ಸೈನ್ಯದ ವೈದ್ಯರ ಹಳೆಯ ಪೆಟ್ಟಿಗೆಯೊಂದು ಯಾರದಾದರೂ ಮನೆಯ ಅಟ್ಟದಲ್ಲಿ ದೊರೆತರೆ, ಅದನ್ನು ಗುಜರಿಗೆ ತೂಕಕ್ಕೆ ಹಾಕಬಾರದು. ಯಾರದು, ಯಾವ ಯುದ್ಧದ್ದು ಎಂಬುದನ್ನು ಚೀಟಿಯಲ್ಲಿ ಬರೆದು ಪೆಟ್ಟಿಗೆಯೊಡನಿಟ್ಟು ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಬೇಕೆಂದು ನಮ್ಮ ಬಿನ್ನಹ. ಔಷಧವಿಲ್ಲದೆಡೆಯಲ್ಲಿ ಜೀವ ತೇದವರಿಗೆ, ಔಷಧ ಸಮೃದ್ಧವಾಗಿರುವ ನಾಡು ಸಲ್ಲಿಸಬಹುದಾದ ಕನಿಷ್ಠ ಗೌರವ ಅದು.