ನಾಲ್ಕು ಲಂಗರು ಕಳೆದುಕೊಂಡವನ ದ್ವೀಪಯಾನ

ಇಂಡೊನೇಷ್ಯಾದ ಪೂರ್ವದ ಕಡಲಲ್ಲಿ, ರಾಜಾ ಅಂಪತ್, ಬಂದಾ, ಕೈ, ಆರು ದ್ವೀಪಗಳ ಸುತ್ತ ಈಗ ಸಣ್ಣ ಪ್ರವಾಸಿ ಹಡಗುಗಳು ಓಡಾಡುತ್ತವೆ. ಹತ್ತಿಪ್ಪತ್ತು ಜನ ಹಿಡಿಸುವ ಮರದ ಪಿನಿಸಿಗಳೂ ಇವೆ, ನೂರು ಜನರನ್ನು ಹೊತ್ತು ತರುವ ಉಕ್ಕಿನ ಹಡಗುಗಳೂ ಇವೆ. ನಸುಕಿನಲ್ಲಿ ರಬ್ಬರ್ ದೋಣಿ ಹತ್ತಿ ದಡಕ್ಕೆ ಹೋಗೋದು, ಸ್ವರ್ಗದ ಹಕ್ಕಿಯ ಕುಣಿತ ನೋಡೋದು, ವಾಪಸ್ ಬಂದು ತಿಂಡಿ ತಿಂದು ಹವಳದ ಮೇಲೆ ಈಜೋದು. ಇಂಥ ಎಷ್ಟೋ ಪ್ರವಾಸಗಳ ಜಾಹೀರಾತಿನಲ್ಲಿ ಒಂದು ಹೆಸರು ತಪ್ಪದೆ ಬರುತ್ತದೆ: ಆಲ್ಫ್ರೆಡ್ ರಸೆಲ್ ವ್ಯಾಲೇಸ್. ಆತ ಹೋದ ದಾರಿಯಲ್ಲಿ ನೀವೂ ಬನ್ನಿ ಅನ್ನೋದು ಕರೆಯ ಸಾರಾಂಶ.

ನಾನು ಓದಿದ ಪಠ್ಯಪುಸ್ತಕದಲ್ಲಿ ವ್ಯಾಲೇಸ್‌ಗೆ ಸಿಕ್ಕಿದ್ದು ಡಾರ್ವಿನ್ ಪಾಠದ ಕೊನೆಯ ಒಂದು ಸಾಲು ಮಾತ್ರ. ಆದ್ದರಿಂದ ಆತ ನಿಜಕ್ಕೂ ಯಾವ ದಾರಿಯಲ್ಲಿ ಹೋದ, ಹೇಗೆ ಹೋದ ಅಂತ ನೋಡೋಣ. ಹಡಗಿನ ಟಿಕೆಟ್ ಮಾರುವವರು ಹೇಳದ ಭಾಗವೇ ಅದರಲ್ಲಿ ಹೆಚ್ಚು.

1823ರ ಜನವರಿ 8ರಂದು ವೇಲ್ಸ್‌ನ ಅಸ್ಕ್ ಎಂಬ ಪುಟ್ಟ ಊರಿನ ಬಳಿ ವ್ಯಾಲೇಸ್ ಹುಟ್ಟಿದ. ಅಪ್ಪ ಕಾನೂನು ಓದಿಯೂ ವಕೀಲಿಕೆ ಮಾಡಲಿಲ್ಲ, ಇದ್ದ ದುಡ್ಡನ್ನೂ ತಪ್ಪು ಜಾಗದಲ್ಲಿ ಹಾಕಿ ಕಳೆದುಕೊಂಡ. ಹುಡುಗನ ಶಾಲೆ 14ನೇ ವಯಸ್ಸಿಗೇ ಮುಗಿಯಿತು. ಅಣ್ಣ ವಿಲಿಯಂ ಜೊತೆ ಸರ್ವೇ ಕೆಲಸಕ್ಕೆ ಸೇರಿ ಹೊಲ, ಬೆಟ್ಟ, ರೈಲುದಾರಿ ಅಳೆಯುತ್ತಾ ತಿರುಗಿದ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಸರ್ವೇ ಚೈನ್ ಎಳೆದವರಿಗೆ ಗೊತ್ತು, ಗಡಿಗೆರೆ ಎಲ್ಲಿ ಬೀಳುತ್ತದೆ ಅನ್ನೋದೇ ಆ ಕೆಲಸದ ಜೀವಾಳ. ಮುಂದೆ ಈತ ಎಳೆದ ಒಂದು ಗೆರೆ ಭೂಪಟದಲ್ಲಿ ಶಾಶ್ವತವಾಗಿ ಉಳಿಯಿತು.

ಲೆಸ್ಟರ್ ಪಟ್ಟಣದಲ್ಲಿ ಕೆಲಕಾಲ ಮೇಷ್ಟ್ರಾಗಿದ್ದಾಗ ಹೆನ್ರಿ ಬೇಟ್ಸ್ ಎಂಬ ಗೆಳೆಯ ಜೀರುಂಡೆ ಹಿಡಿಯುವ ಹುಚ್ಚು ಹತ್ತಿಸಿದ. 1848ರಲ್ಲಿ ಇಬ್ಬರೂ ಅಮೆಜಾನ್‌ಗೆ ಹೊರಟರು. ಹಕ್ಕಿ, ಕೀಟಗಳನ್ನು ಹಿಡಿದು ಲಂಡನ್‌ಗೆ ಕಳಿಸಿ ಮಾರೋದು, ಆ ದುಡ್ಡಲ್ಲಿ ಬದುಕೋದು, ಇದು ಲೆಕ್ಕಾಚಾರ. ನಾಲ್ಕು ವರ್ಷ ದುಡಿದು ವ್ಯಾಲೇಸ್ ವಾಪಸ್ ಬರುವಾಗ, 1852ರ ಆಗಸ್ಟ್ 6ರಂದು, ನಡು ಅಟ್ಲಾಂಟಿಕ್‌ನಲ್ಲಿ ಹಡಗಿಗೆ ಬೆಂಕಿ ಬಿತ್ತು. ಸಂಗ್ರಹವೆಲ್ಲ ಕಣ್ಣೆದುರೇ ಬೂದಿಯಾಯಿತು. ಸೋರುವ ದೋಣಿಯಲ್ಲಿ ಹತ್ತು ದಿನ ತೇಲಿದ ಮೇಲೆ ಇನ್ನೊಂದು ಹಡಗು ಎತ್ತಿಕೊಂಡಿತು. ಲಂಡನ್ನಿನ ಏಜೆಂಟ್ ಸ್ಯಾಮ್ಯುಯೆಲ್ ಸ್ಟೀವನ್ಸ್ 200 ಪೌಂಡಿಗೆ ವಿಮೆ ಮಾಡಿಸಿಟ್ಟಿದ್ದರಿಂದ ಊಟಕ್ಕೆ ತೊಂದರೆಯಾಗಲಿಲ್ಲ. ಎರಡೇ ವರ್ಷಕ್ಕೆ, 1854ರ ಏಪ್ರಿಲ್‌ನಲ್ಲಿ, ಈ ಆಸಾಮಿ ಸಿಂಗಾಪುರದಲ್ಲಿ ಇಳಿದಿದ್ದ.

ಅಲ್ಲಿಂದ ಎಂಟು ವರ್ಷ, ಸುಮಾರು 14,000 ಮೈಲಿ, 60-70 ಬೇರೆ ಬೇರೆ ಪ್ರಯಾಣ. ಸ್ವಂತ ಹಡಗಿಲ್ಲ, ಸರ್ಕಾರದ ಬೆಂಬಲ ಇಲ್ಲ. ಡಾರ್ವಿನ್‌ಗಾದರೆ ನೌಕಾಪಡೆಯ ಬೀಗಲ್ ಇತ್ತು. ಈತನದು ಯಾರ ದೋಣಿ ಎತ್ತ ಹೊರಟಿದೆಯೋ ಅತ್ತ ಜಾಗ ಕೇಳಿ ಹತ್ತುವ ಜೀವನ. ವಿಜ್ಞಾನಕ್ಕೆ ಲಾಭವಾಗಿದ್ದು ಅದರಿಂದಲೇ ಅನ್ನೋದು ನನ್ನ ವಾದ.

1856ರ ಒಂದು ಘಟನೆ ನೋಡಿ. ಸಿಂಗಾಪುರದಿಂದ ಸುಲಾವೆಸಿಯ ಮಕಾಸ್ಸರ್‌ಗೆ ಹೋಗಬೇಕಿತ್ತು, ನೇರ ಹಡಗು ಸಿಗಲಿಲ್ಲ. ಚೀನೀ ವ್ಯಾಪಾರಿಯೊಬ್ಬನ ಹಾಯಿಹಡಗು ಹತ್ತಿ ಬಾಲಿಗೆ ಬಂದ, ಅಲ್ಲಿಂದ ಲೊಂಬೊಕ್‌ಗೆ ದಾಟಿದ. ನಡುವಿನ ಜಲಸಂಧಿ ಕಿರಿದಾದ ಕಡೆ 20 ಕಿಲೋಮೀಟರ್ ಆಸುಪಾಸು ಅಷ್ಟೇ. ಬಾಲಿಯಲ್ಲಿ ಮರಕುಟಿಗ, ಕುಟ್ರು ಹಕ್ಕಿಯಂಥ ಏಷ್ಯಾದ ಬಳಗ ಕಂಡಿತ್ತು. ಲೊಂಬೊಕ್‌ನಲ್ಲಿ ನೋಡಿದರೆ ಆಸ್ಟ್ರೇಲಿಯಾ ಕಡೆಯ ಬಿಳಿ ಕಾಕಟೂ ಗಿಳಿಗಳು, ಮಣ್ಣು ಗುಡ್ಡೆ ಹಾಕಿ ಅದರೊಳಗೆ ಮೊಟ್ಟೆ ಇಡುವ ಹಕ್ಕಿಗಳು! ಎರಡು ಖಂಡಗಳ ಜೀವಲೋಕ ಇಷ್ಟು ಸಣ್ಣ ನೀರಿನ ಪಟ್ಟಿಯ ಆಚೀಚೆ ನಿಂತಿತ್ತು. ಇದಕ್ಕೆ ಕಾರಣ ಕಡಲಿನ ಆಳ. ಹಿಮಯುಗದಲ್ಲಿ ಸಮುದ್ರ ನೂರು ಮೀಟರಿಗೂ ಹೆಚ್ಚು ಇಳಿದಾಗ ಬಾಲಿ ಏಷ್ಯಾದ ನೆಲಕ್ಕೆ ಅಂಟಿಕೊಂಡಿತು, ಆಳವಾದ ಈ ಜಲಸಂಧಿ ಮಾತ್ರ ಬತ್ತಲಿಲ್ಲ. ಮುಂದೆ ವಿಜ್ಞಾನಿ ಹಕ್ಸ್ಲಿ ಇದಕ್ಕೆ ವ್ಯಾಲೇಸ್ ರೇಖೆ ಎಂದು ಹೆಸರಿಟ್ಟ. ನೇರ ಹಡಗು ಸಿಕ್ಕಿದ್ದರೆ ಈ ದ್ವೀಪಗಳಿಗೆ ತಾನು ಬರುತ್ತಲೇ ಇರಲಿಲ್ಲ ಎಂದು ವ್ಯಾಲೇಸ್ ತಾನೇ ಬರೆದುಕೊಂಡಿದ್ದಾನೆ.

ಅದೇ ಡಿಸೆಂಬರ್‌ನಲ್ಲಿ ಮಕಾಸ್ಸರ್‌ನಿಂದ ಆರು ದ್ವೀಪಗಳಿಗೆ ಹೊರಟ. ಸಾವಿರ ಮೈಲಿ ದೂರ. ಮುತ್ತಿನ ಚಿಪ್ಪು, ಸಮುದ್ರ ಸೌತೆ, ಸ್ವರ್ಗದ ಹಕ್ಕಿಯ ಗರಿ ತರಲು ಬುಗಿಸ್ ಮತ್ತು ಮಕಾಸ್ಸರ್ ವ್ಯಾಪಾರಿಗಳು ವರ್ಷಕ್ಕೊಮ್ಮೆ ಮುಂಗಾರು ಗಾಳಿ ಹಿಡಿದು ಹೋಗಿ, ಗಾಳಿ ತಿರುಗಿದ ಮೇಲೆ ಬರುತ್ತಿದ್ದರು. ಸುಮಾರು 70 ಟನ್ನಿನ ಪೆರಾಹು ಅದು, ಸ್ಥಳೀಯ ಹಾಯಿಹಡಗು. ಚುಕ್ಕಾಣಿಯ ಹಿಡಿಗಳು ಒಳಬರಲು ಹಡಗಿನ ಹಿಂಬದಿಯಲ್ಲಿ, ನೀರಿನಿಂದ ಒಂದು ಮೀಟರ್ ಎತ್ತರದಲ್ಲೇ, ಎರಡು ತೆರೆದ ಕಿಂಡಿಗಳು. ಇವತ್ತಿನ ಯಾವ ಸುರಕ್ಷತಾ ಪರೀಕ್ಷೆಯಲ್ಲೂ ಪಾಸಾಗದ ವಿನ್ಯಾಸ. ಮೇಲ್ತಟ್ಟಿನಲ್ಲಿ ಕಟ್ಟಿದ, ನಾಲ್ಕು ಅಡಿ ಎತ್ತರದ ಗರಿ ಹೊದಿಸಿದ ಗುಡಿಸಲೇ ವ್ಯಾಲೇಸ್‌ನ ಕ್ಯಾಬಿನ್. ಸಮುದ್ರದ ಮೇಲೆ ಇಷ್ಟು ಹಾಯಾಗಿ ತಾನು ಎಂದೂ ಇದ್ದಿರಲಿಲ್ಲವೆಂದು ಆತ ಹೇಳುತ್ತಾನೆ. ಡಾಂಬರಿಲ್ಲ, ಬಣ್ಣ, ಎಣ್ಣೆಗಳ ನಾತವಿಲ್ಲ. ಬಿದಿರು, ಬೆತ್ತ, ತೆಂಗಿನ ನಾರು, ತಾಳೆಗರಿಗಳ ಕಾಡಿನ ವಾಸನೆ.

ನನಗೆ ತುಂಬ ಹಿಡಿಸಿದ್ದು ಆ ಹಡಗಿನ ಗಡಿಯಾರ. ಬಕೆಟ್ ನೀರಿನಲ್ಲಿ ಅರ್ಧ ತೆಂಗಿನ ಚಿಪ್ಪು ತೇಲಬಿಟ್ಟಿರುತ್ತಾರೆ, ತಳದಲ್ಲಿ ಸೂಜಿಯಂಥ ತೂತು. ನೀರು ತುಂಬಿ ಚಿಪ್ಪು ಮುಳುಗಿದರೆ ಒಂದು ಗಂಟೆ. ವ್ಯಾಲೇಸ್ ತನ್ನ ವಾಚ್ ಹಿಡಿದು ಪರೀಕ್ಷಿಸಿದ, ಒಂದು ನಿಮಿಷದ ವ್ಯತ್ಯಾಸವೂ ಬರುತ್ತಿರಲಿಲ್ಲ. ಮುಹೂರ್ತ ನೋಡಲು ನಮ್ಮ ಹಿರಿಯರು ಬಳಸುತ್ತಿದ್ದ ಗಳಿಗೆ ಬಟ್ಟಲು ನೆನಪಾಗುತ್ತದಲ್ಲ, ಅದೇ ತತ್ವ. ಜೊತೆಯವರ ಜಾಣ್ಮೆಯನ್ನು ಅಳೆದು ನೋಡಿ ಒಪ್ಪಿಕೊಳ್ಳುವ ಗುಣ ಆ ಕಾಲದ ಎಷ್ಟು ಐರೋಪ್ಯರಿಗಿತ್ತು? ದಾರಿಯಲ್ಲಿ ಸಿಕ್ಕ ಕೈ ದ್ವೀಪದವರು ಒಂದೂ ಕಬ್ಬಿಣದ ಮೊಳೆ ಇಲ್ಲದೆ ಮರದ ಗೂಟಗಳಿಂದಲೇ ದೋಣಿ ಜೋಡಿಸುವುದನ್ನೂ ಆತ ಬೆರಗಿನಿಂದ ದಾಖಲಿಸಿದ್ದಾನೆ.

1857ರ ಜನವರಿ 8ರಂದು, ತನ್ನ 34ನೇ ಹುಟ್ಟುಹಬ್ಬದಂದೇ, ಆರುವಿನ ದೊಬೊ ಎಂಬ ವ್ಯಾಪಾರದ ಊರಲ್ಲಿ ಇಳಿದ. ಜುಲೈವರೆಗೂ ಆ ದ್ವೀಪಗಳಲ್ಲೇ ಇದ್ದ. ಕೀಟ ಕಚ್ಚಿ ಕಾಲಿನಲ್ಲಿ ಹುಣ್ಣಾಗಿ ವಾರಗಟ್ಟಲೆ ಗುಡಿಸಲಲ್ಲೇ ಬಿದ್ದಿದ್ದೂ ಉಂಟು. ಊರಿನವರಿಗೆ ಈತ ಮಂತ್ರವಾದಿಯಂತೆ ಕಂಡ. ಇಷ್ಟು ಜೋಪಾನ ಮಾಡಿದ ಸತ್ತ ಹಕ್ಕಿಗಳು ಇವನ ದೇಶ ತಲುಪಿದ ಮೇಲೆ ಜೀವ ಪಡೆಯುತ್ತವೆ ಅಂತ ಅವರ ನಂಬಿಕೆ. ಹಕ್ಕಿ ಕೊಂದು ಗರಿ ಮಾರೋದು ಅವರಿಗೂ ಗೊತ್ತಿತ್ತು, ಒಂದೊಂದು ಇರುವೆಯನ್ನೂ ಡಬ್ಬಿಗೆ ಹಾಕುವ ಈ ವ್ಯವಹಾರ ಅರ್ಥವಾಗಲಿಲ್ಲ.

ಅಲ್ಲಿ ಕೈಗೆ ಬಂದ ಕೆಂಪು ಮೈಯ ಪುಟ್ಟ ರಾಜ ಸ್ವರ್ಗದ ಹಕ್ಕಿಯನ್ನು ಹಿಡಿದುಕೊಂಡು ವ್ಯಾಲೇಸ್ ಯೋಚಿಸಿದ್ದು ಇವತ್ತಿಗೂ ಚುಚ್ಚುತ್ತದೆ. ಯಾರೂ ನೋಡದ ಕಾಡಿನಲ್ಲಿ ತಲೆತಲಾಂತರದಿಂದ ಈ ಚೆಲುವು ಹುಟ್ಟಿ ಸಾಯುತ್ತಿದೆ. ನಾಗರಿಕ ಮನುಷ್ಯ ಇಲ್ಲಿಗೆ ಕಾಲಿಟ್ಟರೆ ಕಾಡಿನ ಸಮತೋಲ ಕೆಟ್ಟು, ಆತ ಮೆಚ್ಚಬಲ್ಲ ಆ ಚೆಲುವೇ ಅಳಿಯುತ್ತದೆ. ಹಾಗಾದರೆ ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿದವಲ್ಲ ಎಂಬ ತೀರ್ಮಾನಕ್ಕೆ ಬಂದ. ಡಾರ್ವಿನ್ ತನ್ನ ಸಿದ್ಧಾಂತವನ್ನು ಇನ್ನೂ ಪ್ರಕಟಿಸಿರದ ಕಾಲ ಅದು.

1858ರಲ್ಲಿ, ಲವಂಗದ ದ್ವೀಪ ತೆರ್ನಾತೆಯಿಂದ, ವ್ಯಾಲೇಸ್ ಡಾರ್ವಿನ್‌ಗೆ ಒಂದು ಲೇಖನ ಕಳಿಸಿದ. ಚಳಿಜ್ವರದಲ್ಲಿ ನಡುಗುತ್ತಾ ಮಲಗಿದ್ದಾಗ ಹೊಳೆದ ವಿಚಾರ: ಬದುಕಲು ಹೆಚ್ಚು ತಕ್ಕವು ಉಳಿಯುತ್ತವೆ, ಆ ದಾರಿಯಲ್ಲೇ ಹೊಸ ಜೀವಿಗಳು ರೂಪುಗೊಳ್ಳುತ್ತವೆ. ಇಪ್ಪತ್ತು ವರ್ಷ ಡಾರ್ವಿನ್ ಮುಚ್ಚಿಟ್ಟುಕೊಂಡಿದ್ದ ಸಿದ್ಧಾಂತವೂ ಅದೇ. ಜುಲೈ 1ರಂದು ಲಂಡನ್‌ನ ಲಿನಿಯನ್ ಸೊಸೈಟಿಯಲ್ಲಿ ಇಬ್ಬರ ಬರಹಗಳನ್ನೂ ಒಟ್ಟಿಗೆ ಓದಿದರು. ವ್ಯಾಲೇಸ್‌ನನ್ನು ಯಾರೂ ಕೇಳಿರಲಿಲ್ಲ. ಆತ ಆಗ ನ್ಯೂಗಿನಿಯ ಕಾಡಿನಲ್ಲಿದ್ದ.

ಪರರ ದೋಣಿ ಸಾಕಾಗಿ 1860ರಲ್ಲಿ ಗೊರೊಂಗ್ ದ್ವೀಪದಲ್ಲಿ ಸ್ವಂತ ಪೆರಾಹು ಕೊಂಡ. ಕೈ ದ್ವೀಪದ ಬಡಗಿಗಳ ಜೊತೆ ತಾನೂ ಉಳಿ ಹಿಡಿದು ಸಜ್ಜು ಮಾಡಿದ. ಹೊರಟಿದ್ದು ವೈಗಿಯೊ ದ್ವೀಪಕ್ಕೆ, ಅಂದರೆ ಇವತ್ತಿನ ರಾಜಾ ಅಂಪತ್‌ಗೆ. ಮುಂಗಡ ಪಡೆದ ಆಳುಗಳು ಸೆರಾಮ್‌ನಲ್ಲಿ ರಾತ್ರೋರಾತ್ರಿ ಪರಾರಿ. ನಿರ್ಜನ ದ್ವೀಪವೊಂದರಲ್ಲಿ ಬಳ್ಳಿ ಕಡಿಯಲು ಇಳಿದ ಇಬ್ಬರನ್ನು ಬಿಟ್ಟು ಪ್ರವಾಹ ದೋಣಿಯನ್ನು ಎಳೆದೊಯ್ದಿತು. ಗೆಡ್ಡೆ, ಚಿಪ್ಪು, ಆಮೆ ಮೊಟ್ಟೆ ತಿಂದು ತಿಂಗಳು ಕಳೆದ ಅವರನ್ನು ಆಮೇಲೆ ಬೇರೆ ದೋಣಿ ಕಳಿಸಿ ಕರೆತಂದ. ಹವಳದ ದಿಬ್ಬಕ್ಕೆ ಹತ್ತು ಸಲ ಗುದ್ದಿಕೊಂಡ. ನಾಲ್ಕು ಲಂಗರು ಹೋದವು. ಹಾಯಿಗಳನ್ನು ಇಲಿ ತಿಂದವು. ಹೋಗಿ ಬರುವುದರಲ್ಲಿ ಕಡಲ ಮೇಲೆ 78 ದಿನ, ಒಂದು ದಿನವೂ ಅನುಕೂಲದ ಗಾಳಿ ಬೀಸಲಿಲ್ಲ. ನಡುವೆ ವೈಗಿಯೊದಲ್ಲಿ ತಲೆ ಎತ್ತಿ ನಿಲ್ಲಲಾಗದ ಗುಡಿಸಲಲ್ಲಿದ್ದು ಕೆಂಪು ಸ್ವರ್ಗದ ಹಕ್ಕಿಯನ್ನು ಕಂಡ. ಹಣ್ಣಿನ ಆಸೆ ತೋರಿಸಿ ಹಗ್ಗದ ಕುಣಿಕೆಯಲ್ಲಿ ಅದನ್ನು ಹಿಡಿಯುವ ವಿದ್ಯೆ ಅಲ್ಲಿನವರದೇ.

ವ್ಯಾಲೇಸ್‌ನನ್ನು ಸಂತನನ್ನಾಗಿಸಬೇಕಿಲ್ಲ. ಆತ ಊರಿಗೆ ತಂದ ಲೆಕ್ಕ 1,25,660 ಜೀವಿಗಳು, ಅದರಲ್ಲಿ ಹಕ್ಕಿಗಳೇ 8,050. ಬೋರ್ನಿಯೊದಲ್ಲಿ ಒರಾಂಗುಟಾನ್‌ಗಳನ್ನು ಗುಂಡಿಟ್ಟು ಕೊಂದ. ಮುಂದೆ ಪ್ರೇತಗಳ ಜೊತೆ ಮಾತಾಡುವವರನ್ನು ನಂಬಿದ, ಲಸಿಕೆಯನ್ನು ವಿರೋಧಿಸಿದ. ಈ ಸಂಗ್ರಹ ಆತನೊಬ್ಬನದೂ ಅಲ್ಲ. ಸರಾವಾಕ್‌ನಲ್ಲಿ ಅಡುಗೆಗೆ ಸೇರಿದ ಅಲಿ ಎಂಬ ಮಲಯ್ ಹುಡುಗ ಹಕ್ಕಿ ಹೊಡೆಯಲು, ಚರ್ಮ ಬಿಡಿಸಲು ಕಲಿತು ಬಲಗೈಯಾದ. ಬಚಾನ್ ದ್ವೀಪದಲ್ಲಿ ಹೊಸ ಸ್ವರ್ಗದ ಹಕ್ಕಿಯೊಂದನ್ನು ಮೊದಲು ತಂದುಕೊಟ್ಟವನು ಅಲಿ. ವಿಜ್ಞಾನ ಅದಕ್ಕೆ ಕೊಟ್ಟ ಹೆಸರಲ್ಲಿ ವ್ಯಾಲೇಸ್ ಇದ್ದಾನೆ, ಅಲಿ ಇಲ್ಲ.

1862ರಲ್ಲಿ ಜೀವಂತ ಸ್ವರ್ಗದ ಹಕ್ಕಿ ಎರಡನ್ನು ಹಿಡಿದುಕೊಂಡು ಇಂಗ್ಲೆಂಡಿಗೆ ವಾಪಸಾದ. ದಾರಿಯಲ್ಲಿ ಅವಕ್ಕೆ ತಿನ್ನಿಸಲು ಮಾಲ್ಟಾದ ಬೇಕರಿಯಲ್ಲಿ ಡಬ್ಬಿಗಟ್ಟಲೆ ಜಿರಳೆ ಹಿಡಿದಿದ್ದ! 1869ರಲ್ಲಿ ದಿ ಮಲಯ್ ಆರ್ಕಿಪೆಲಗೊ ಎಂಬ ಪ್ರವಾಸ ಕಥನ ಬಂತು, ಅರ್ಪಣೆ ಡಾರ್ವಿನ್‌ಗೆ. ಗಳಿಸಿದ್ದನ್ನು ರೈಲು, ಗಣಿ ಷೇರುಗಳಲ್ಲಿ ಅಪ್ಪನಂತೆಯೇ ಕಳೆದುಕೊಂಡ. ಡಾರ್ವಿನ್ ಓಡಾಡಿ 1881ರಲ್ಲಿ ವರ್ಷಕ್ಕೆ 200 ಪೌಂಡಿನ ಪಿಂಚಣಿ ಕೊಡಿಸಿದ. 1913ರ ನವೆಂಬರ್ 7ರಂದು, 90ನೇ ವಯಸ್ಸಿನಲ್ಲಿ, ವ್ಯಾಲೇಸ್ ತೀರಿಕೊಂಡ.

ಆ ಪುಸ್ತಕ ಬಂದ ಸರಿಯಾಗಿ ನೂರು ವರ್ಷಕ್ಕೆ, 1969ರಲ್ಲಿ, ದೂರದ ದ್ವೀಪ, ಹಿಮಖಂಡಗಳಿಗೆ ಪ್ರವಾಸಿಗರನ್ನು ಒಯ್ಯಲೆಂದೇ ಕಟ್ಟಿದ ಲಿಂಡ್‌ಬ್ಲಾಡ್ ಎಕ್ಸ್‌ಪ್ಲೋರರ್ ನೀರಿಗಿಳಿಯಿತು. ಇವತ್ತಿನ ಸಣ್ಣ ಹಡಗಿನ ಪ್ರವಾಸೋದ್ಯಮ ಅದರ ಸಂತಾನ. ಹಡಗು ಸಣ್ಣದು, ಆದ್ದರಿಂದ ಹಾನಿಯೂ ಸಣ್ಣದು ಅನ್ನೋದು ಇದರ ಸಮರ್ಥನೆ. 2017ರ ಮಾರ್ಚ್‌ನಲ್ಲಿ ರಾಜಾ ಅಂಪತ್‌ನ ಕ್ರಿ ದ್ವೀಪದ ಬಳಿ, 102 ಪ್ರವಾಸಿಗರಿದ್ದ 90 ಮೀಟರ್ ಉದ್ದದ ಕ್ಯಾಲೆಡೋನಿಯನ್ ಸ್ಕೈ ಹವಳದ ಮೇಲೆ ಹತ್ತಿ ಕುಳಿತಿತು. ಅದನ್ನು ಎಳೆದು ಬಿಡಿಸುವುದರಲ್ಲಿ, ಮೊದಲ ಅಂದಾಜಿನಂತೆಯೇ, 1,600 ಚದರ ಮೀಟರ್ ಹವಳ ಪುಡಿಯಾಯಿತು. ವ್ಯಾಲೇಸ್ ಕೂಡ ಹತ್ತು ಸಲ ಗುದ್ದಿದ್ದ ನಿಜ. ಆದರೆ ಆತನ ಮರದ ದೋಣಿಗೂ ಸಾವಿರಾರು ಟನ್ ಉಕ್ಕಿಗೂ ತೂಕದಲ್ಲಿ ಅಜಗಜಾಂತರ.

ಹಾಗಂತ ಪ್ರವಾಸಿಗರನ್ನು ತಡೆದುಬಿಟ್ಟರೆ ದ್ವೀಪ ಉಳಿಯುತ್ತದಾ? ಇಲ್ಲ. ಅದೇ ರಾಜಾ ಅಂಪತ್‌ನ ನೆಲದಲ್ಲಿ ನಿಕಲ್ ಇದೆ. ಸ್ಟೀಲಿಗೂ, ಎಲೆಕ್ಟ್ರಿಕ್ ಗಾಡಿಗಳ ಬ್ಯಾಟರಿಗೂ ಅದು ಬೇಕು. 2025ರ ಜೂನ್‌ನಲ್ಲಿ ಜನರ ಪ್ರತಿಭಟನೆ ಜೋರಾದ ಮೇಲೆ ಇಂಡೊನೇಷ್ಯಾ ಸರ್ಕಾರ ಅಲ್ಲಿನ ನಾಲ್ಕು ಗಣಿ ಕಂಪನಿಗಳ ಪರವಾನಗಿ ರದ್ದು ಮಾಡಿತು. ಆ ಕಡಲನ್ನು ಕಣ್ಣಾರೆ ಕಂಡವರು ಜಗತ್ತಿನ ತುಂಬ ಇದ್ದದ್ದೂ ಆ ಕೂಗಿಗೆ ಬಲ ಕೊಟ್ಟಿತು ಅಂತ ನನಗನಿಸುತ್ತದೆ. ವೈಗಿಯೊದ ಹಳ್ಳಿಗರು ಈಗ ಕೆಂಪು ಸ್ವರ್ಗದ ಹಕ್ಕಿಯನ್ನು ತೋರಿಸಿ ಸಂಪಾದಿಸುತ್ತಾರೆ. ಜೀವಂತ ಹಕ್ಕಿ ಪ್ರತಿ ಬೆಳಗ್ಗೆ ದುಡ್ಡು ತರುತ್ತದೆ, ಗರಿ ಒಂದೇ ಸಲ. ಮನುಷ್ಯ ಬಂದರೆ ಅಳಿವು ಖಂಡಿತ ಎಂಬ ವ್ಯಾಲೇಸ್‌ನ ಭವಿಷ್ಯವಾಣಿಯನ್ನು ಸುಳ್ಳು ಮಾಡುವ ದಾರಿ ಇದ್ದರೆ ಇದೇ.

ಆದ್ದರಿಂದ ವ್ಯಾಲೇಸ್ ಹೋದ ದಾರಿಯಲ್ಲಿ ಹೋಗಬೇಕೆಂದಿರುವವರು ಟಿಕೆಟ್ ಕೊಳ್ಳುವ ಮುನ್ನ ಕ್ಯಾಬಿನ್ ಎಷ್ಟು ದೊಡ್ಡದು ಅನ್ನೋದರ ಜೊತೆಗೆ ಇನ್ನು ಮೂರು ವಿಷಯ ಕೇಳಲಿ. ಒಂದು ದ್ವೀಪದಲ್ಲಿ ಎಷ್ಟು ದಿನ ನಿಲ್ಲುತ್ತೀರಿ? ಹಕ್ಕಿ ತೋರಿಸುವ ಊರಿನವನಿಗೆ ನನ್ನ ದುಡ್ಡಿನಲ್ಲಿ ಎಷ್ಟು ಪಾಲು? ಹಡಗನ್ನು ತೇಲುಗುಂಡಿಗೆ ಕಟ್ಟುತ್ತೀರೋ, ಇಲ್ಲಾ ಹವಳದ ಮೇಲೆ ಲಂಗರು ಬಿಡುತ್ತೀರೋ? ವ್ಯಾಲೇಸ್‌ನ ನಾಲ್ಕು ಲಂಗರು ಆ ಕಡಲ ತಳದಲ್ಲೇ ಎಲ್ಲೋ ಬಿದ್ದಿವೆ, ಐದನೆಯದು ಬೇಡ.